ಪದಕ ಬಾರದ ಸಿಪಾಯಿಯ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳುವುದು?

ಕರಿಹಲಗೆ

ಎಲ್ಲರಿಗೂ ನಮಸ್ಕಾರ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಾಲ ಮೊದಲ ಮಹಾಯುದ್ಧದ್ದು. ನಾಯಕ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಎಳೆಯ ಸವಾರ, ಹಾಸನದ ಕಡೆಯವನು. ದಳದ ಜೊತೆ 1914ರ ಕೊನೆಯಲ್ಲಿ ಸಮುದ್ರ ದಾಟಿ ಸೂಯೆಜ್ ಕಾಲುವೆಯ ಕಾವಲಿಗೆ ಹೋಗುತ್ತಾನೆ. ಸಿನಾಯ್ ಮರಳುಗಾಡನ್ನು ಹಾಯ್ದು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಒಬ್ಬನಾಗುತ್ತಾನೆ. ಈ ನಡುವೆ ಬಿಳಿಯ ಅಧಿಕಾರಿಯೊಬ್ಬ ಅವನನ್ನು ಮಾತುಮಾತಿಗೂ ಹೀಯಾಳಿಸುತ್ತಿರುತ್ತಾನೆ. ದಕ್ಷಿಣದವರಿಗೆ ಯುದ್ಧ ಬಾರದು, ಕುದುರೆಗೆ ಹುಲ್ಲು ಹಾಕುವುದಕ್ಕಷ್ಟೇ ಲಾಯಕ್ಕು ಎನ್ನುವುದು ಅವನ ರಾಗ. ಕೊನೆಯ ಅಧ್ಯಾಯದಲ್ಲಿ ಅದೇ ಅಧಿಕಾರಿ ನಮ್ಮ ಹುಡುಗನಿಗೆ ಸೆಲ್ಯೂಟ್ ಹೊಡೆಯುತ್ತಾನೆ.

ಕರಡನ್ನು ನಮ್ಮ ಶಾಲೆಯಲ್ಲಿ ಓದಿ ಹೇಳಿದೆ. ಚಪ್ಪಾಳೆ ಬಿತ್ತು. ಒಬ್ಬ ಹುಡುಗಿ ಮಾತ್ರ ಕೈ ಎತ್ತಿ ಕೇಳಿದಳು: "ಸರ್, ಇವನು ಹೆದರಿ ಓಡಿಹೋಗಿದ್ದರೆ ಆ ಸಾಹೇಬ ಬೈದದ್ದು ಸರಿ ಎಂದಾಗುತ್ತಿತ್ತೇ?"

ಅಂದಿನಿಂದ ಕೊನೆಯ ಅಧ್ಯಾಯದ ಮೇಲೆ ನನಗೆ ನಂಬಿಕೆ ಹೋಗಿದೆ. ತಾರತಮ್ಯಕ್ಕೆ ಶೌರ್ಯವೇ ಉತ್ತರ ಎಂದು ಮಕ್ಕಳ ಪುಸ್ತಕ ಹೇಳಬಹುದೇ? ಯುದ್ಧದ ಕಥೆಗಳನ್ನು ಓದಿದವರು, ಬರೆದವರು, ಸೇನೆಯಲ್ಲಿ ಇದ್ದವರು ದಯವಿಟ್ಟು ಹೇಳಿ.

ಮಾಜಿ ಹವಾಲ್ದಾರ, ಕೊಡಗು

ಮೇಷ್ಟ್ರೇ, ಆ ಸೆಲ್ಯೂಟನ್ನು ತೆಗೆದುಹಾಕಿ. ಸೇನೆಯಲ್ಲಿ ಕೆಳಗಿನವನು ಮೊದಲು ಸೆಲ್ಯೂಟ್ ಮಾಡುತ್ತಾನೆ, ಮೇಲಿನವನು ಅದಕ್ಕೆ ಉತ್ತರ ಕೊಡುತ್ತಾನೆ. ಅಧಿಕಾರಿಯೊಬ್ಬ ಸವಾರನ ಮುಂದೆ ಬಂದು ನಿಂತು ತಾನೇ ಮೊದಲು ಕೈ ಎತ್ತುವುದು ಸಿನಿಮಾದಲ್ಲಿ ಮಾತ್ರ.

ಹೈಫಾ ಬಗ್ಗೆಯೂ ಒಂದು ಮಾತು. ಊರಿನೊಳಕ್ಕೆ ನೇರವಾಗಿ ನುಗ್ಗಿದ್ದು ಜೋಧಪುರ ಲ್ಯಾನ್ಸರ್ಸ್. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ನದಿಯ ದಂಡೆಯಲ್ಲಿ ಕುದುರೆ ಹೂತುಹೋಗುವಂಥ ಕೆಸರು ಮರಳು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಶೇಖಾವತ್ ಅಂದೇ ಪ್ರಾಣ ಬಿಟ್ಟರು. ನಮ್ಮ ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳು. ಕಡಿದಾದ ದಾರಿಯಲ್ಲಿ ಸುತ್ತಿ ಹತ್ತಿ ಅವುಗಳ ಬಾಯಿ ಮುಚ್ಚಿಸಬೇಕಿತ್ತು. ಅದು ಆಗದಿದ್ದರೆ ಕೆಳಗಿನವರು ಊರು ತಲುಪುವುದು ಕಷ್ಟವಿತ್ತು. ಚಿತ್ರಪಟಗಳಲ್ಲಿ ಕಾಣುವುದು ಕೆಳಗಿನ ದಾಳಿ ಮಾತ್ರ. ಕಡೆಗಣಿಸಲ್ಪಟ್ಟವರ ಕಥೆ ಬರೆಯುವವರಿಗೆ ಮೇಲಿನದೇ ಹೆಚ್ಚು ಒದಗುತ್ತದೆ.

ಇನ್ನು ಅವಮಾನದ ವಿಷಯ. ಒಬ್ಬ ಕೆಟ್ಟ ಸಾಹೇಬನನ್ನು ಸೃಷ್ಟಿಸಿದರೆ ಕಥೆ ಸುಲಭವಾಗುತ್ತದೆ, ಆದರೆ ಅಂದು ನಿಯಮಗಳೇ ಅವಮಾನವನ್ನು ಹೊತ್ತುಕೊಂಡಿದ್ದವು. ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ ಸುಬೇದಾರನೋ ರಿಸಾಲ್ದಾರನೋ ಆದವನು, ನಿನ್ನೆ ಮೊನ್ನೆ ಇಂಗ್ಲೆಂಡಿನಿಂದ ಬಂದ ಮೀಸೆ ಮೂಡದ ಸೆಕೆಂಡ್ ಲೆಫ್ಟಿನೆಂಟನ ಕೈಕೆಳಗೇ ಇರಬೇಕಿತ್ತು. 1857ರ ನಂತರ ಫಿರಂಗಿ ದಳವನ್ನು ಬಹುಮಟ್ಟಿಗೆ ಬಿಳಿಯರ ಕೈಯಲ್ಲೇ ಇರಿಸಿಕೊಂಡರು. ವಿಕ್ಟೋರಿಯಾ ಕ್ರಾಸ್ ಭಾರತೀಯರಿಗೂ ಸಿಗಬಹುದು ಎಂದಾದದ್ದು 1911ರಲ್ಲಿ. ರಾಜನ ಕಮಿಷನ್, ಅಂದರೆ ಪೂರ್ಣ ಅಧಿಕಾರಿಯ ಪದವಿ, ಭಾರತೀಯರಿಗೆ ತೆರೆದದ್ದು 1917ರಲ್ಲಿ. ಶನಿವಾರಸಂತೆಯಲ್ಲಿ ಹುಟ್ಟಿದ ನಮ್ಮ ಕಾರ್ಯಪ್ಪನವರು 1919ರಲ್ಲಿ ಕಮಿಷನ್ ಪಡೆದ ಮೊದಮೊದಲ ತಂಡದವರು. ಭಾರತೀಯನೊಬ್ಬ ಮಹಾದಂಡನಾಯಕನಾಗಲು 1949ರ ಜನವರಿ 15ರ ತನಕ ಕಾಯಬೇಕಾಯಿತು.

ದಕ್ಷಿಣದವರಿಗೆ ಯುದ್ಧ ಬಾರದು ಎನ್ನುವುದೂ ಯಾವನೋ ಒಬ್ಬನ ಬಾಯಿಚಪಲವಾಗಿರಲಿಲ್ಲ. ಮದರಾಸು ಸೇನೆಯ ಮುಖ್ಯಸ್ಥನಾಗಿದ್ದು ಆಮೇಲೆ ಇಡೀ ಭಾರತದ ಸೇನೆಗೆ ಮುಖ್ಯಸ್ಥನಾದ ಲಾರ್ಡ್ ರಾಬರ್ಟ್ಸ್ ಅದನ್ನು ನೀತಿಯನ್ನಾಗಿಯೇ ಮಾಡಿದ. ಪಂಜಾಬಿನವರು, ಗೂರ್ಖರು, ಪಠಾಣರು ಹುಟ್ಟು ಯೋಧರು, ಉಳಿದವರು ಅಲ್ಲ ಎಂದು ವಿಂಗಡಿಸಿ ಮದರಾಸಿನ ಕಾಲಾಳು ದಳಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದರು.

ನೇರನುಡಿ

ನನ್ನದು ಬೇರೆ ರಾಗ, ಬೇಸರಿಸಬೇಡಿ. ಇವರು ಯಾರಿಗಾಗಿ ಹೋರಾಡಿದರು? ನಮ್ಮನ್ನು ಆಳುತ್ತಿದ್ದವರಿಗಾಗಿ. ಯುದ್ಧ ಮುಗಿದ ಮರುವರ್ಷವೇ ಜಲಿಯನ್‌ವಾಲಾ ಬಾಗ್‌ನಲ್ಲಿ ಆಜ್ಞೆ ಕೊಟ್ಟವನು ಡಯರ್, 1,650 ಗುಂಡು ಹಾರಿಸಿದವರು ಅದೇ ಸೇನೆಯ 50 ಮಂದಿ ಸಿಪಾಯಿಗಳು. ಇಂಥ ಸೇನೆಯ ಕಥೆ ಓದಿ ನಮ್ಮ ಮಕ್ಕಳು ಚಪ್ಪಾಳೆ ತಟ್ಟಬೇಕೇ? ಯಜಮಾನ ಬೆನ್ನು ತಟ್ಟಲಿಲ್ಲ ಎನ್ನುವ ಕೊರಗನ್ನು ದೇಶಭಕ್ತಿ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ.

ಬರೆಯುವುದಾದರೆ 1915ರ ಫೆಬ್ರವರಿ 15ರ ಸಿಂಗಪುರದ ಬಗ್ಗೆ ಬರೆಯಿರಿ. ಐದನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆ ಎದ್ದರು. ತಮ್ಮನ್ನು ತುರ್ಕರ ವಿರುದ್ಧ ಕಳಿಸುತ್ತಾರೆ ಎನ್ನುವ ಸುದ್ದಿ ಹಬ್ಬಿತ್ತು. ಕೊನೆಗೆ 47 ಜನರನ್ನು ಸೆರೆಮನೆಯ ಗೋಡೆಗೆ ನಿಲ್ಲಿಸಿ, ಊರವರ ಕಣ್ಣೆದುರೇ ಗುಂಡಿಟ್ಟು ಕೊಂದರು. ಅವರ ನೆನಪು ಯಾರಿಗಿದೆ?

ಕರಿಹಲಗೆ

ಹವಾಲ್ದಾರರೇ, ಸೆಲ್ಯೂಟ್ ತೆಗೆದೆ. ಕಾರ್ಮೆಲ್ ಬೆಟ್ಟ ಒಳಗೆ ಬಂತು.

ನೇರನುಡಿಯವರೇ, ನಿಮ್ಮ ಪ್ರಶ್ನೆ ಪುಸ್ತಕದೊಳಗೇ ಇರಬೇಕಾದದ್ದು. ಆದರೆ ಹದಿನೆಂಟರ ಹುಡುಗ ಸೇನೆಗೆ ಸೇರುವಾಗ ಸಾಮ್ರಾಜ್ಯವನ್ನು ಉಳಿಸಲು ಸೇರುವುದಿಲ್ಲ. ಸಂಬಳ, ಎರಡು ಹೊತ್ತಿನ ಊಟ, ಅಣ್ಣನ ಸಾಲ, ಊರಗೌಡನ ಒತ್ತಾಯ, ಕುದುರೆಯ ಆಸೆ, ಇವೇ ಕಾರಣಗಳು. ನನ್ನ ಸವಾರನ ಮಟ್ಟಿಗೆ ಅವನ ದೊರೆ ಲಂಡನ್ನಿನಲ್ಲಿ ಇಲ್ಲ, ಮೈಸೂರಿನಲ್ಲಿ ಇದ್ದಾರೆ. ನಾಲ್ವಡಿಯವರು ಯುದ್ಧಕ್ಕೆಂದು 50 ಲಕ್ಷ ರೂಪಾಯಿ ಕೊಟ್ಟವರು. ಆಳುವವರ ಲೆಕ್ಕಾಚಾರ ಒಂದು, ಕುದುರೆ ಏರಿದವನದು ಇನ್ನೊಂದು. ಮಕ್ಕಳಿಗೆ ಇಷ್ಟು ಅರ್ಥವಾಗುತ್ತದೆ ಎಂದೇ ನನ್ನ ಅನುಭವ.

ಸಿಂಗಪುರದ ಎಳೆ ನನಗೆ ಬೇಕು. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಮುಸ್ಲಿಂ ಸವಾರರಿದ್ದರು. ಎದುರಿಗೆ ಇದ್ದದ್ದು ಖಲೀಫನ, ಅಂದರೆ ತುರ್ಕಿಯ ಸುಲ್ತಾನನ ಸೈನ್ಯ. ನಾಯಕನ ಜೊತೆಗಾರನನ್ನು ಅವರಲ್ಲಿ ಒಬ್ಬನನ್ನಾಗಿ ಮಾಡಿದರೆ ಆ ಇಕ್ಕಟ್ಟು ತಾನಾಗಿಯೇ ಬರುತ್ತದೆ.

ಓಲೆಗರಿ

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಆ ಹುಡುಗಿಯ ಪ್ರಶ್ನೆಗೆ ನನ್ನ ಓದಿನಿಂದ ಸಿಗುವ ಉತ್ತರ ಸ್ವಲ್ಪ ಉದ್ದವಿದೆ.

ಯುದ್ಧಕ್ಕೆಂದು ಭಾರತದಿಂದ ಸೇರಿಸಿಕೊಂಡವರು ಸುಮಾರು 14 ಲಕ್ಷ ಜನ. ಅವರಲ್ಲಿ 5.6 ಲಕ್ಷಕ್ಕೂ ಹೆಚ್ಚು ಮಂದಿಯ ಕೈಯಲ್ಲಿ ಬಂದೂಕೇ ಇರಲಿಲ್ಲ. ಕುದುರೆ ನೋಡಿಕೊಳ್ಳುವ ಸೈಸ್, ನೀರು ಹೊರುವ ಭಿಶ್ತಿ, ಹೇಸರಗತ್ತೆ ಹೊಡೆಯುವವರು, ಅಡುಗೆಯವರು, ಡೋಲಿ ಹೊರುವವರು, ಬಟ್ಟೆ ಒಗೆಯುವವರು, ಕಕ್ಕಸು ತೊಳೆಯುವವರು, ರೈಲುಹಳಿ ಹಾಸುವ ಕೂಲಿಗಳು. ಕಾಗದಪತ್ರಗಳಲ್ಲಿ ಇವರಿಗೆಲ್ಲ ಒಟ್ಟಾಗಿ 'ಫಾಲೋವರ್ಸ್' ಎಂಬ ಹೆಸರು. ಗುಂಡು, ಕಾಲರಾ, ಬಾಯಾರಿಕೆ ಇವರನ್ನು ಬಿಡಲಿಲ್ಲ, ಸಂಬಳ ಮಾತ್ರ ಸಿಪಾಯಿಗಿಂತ ಕಡಿಮೆ. ಸಿಪಾಯಿಯದೇ ಆಗ ತಿಂಗಳಿಗೆ 11 ರೂಪಾಯಿ.

ಇವರಲ್ಲಿ ಒಬ್ಬನ ಕಥೆಯನ್ನು ಹೇಳಲೇಬೇಕು. ಹೆಸರು ಸುಖಾ, ಊರು ಬರೇಲಿ. ದಕ್ಷಿಣ ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಎಂಬ ಊರಿನಲ್ಲಿ ಭಾರತೀಯ ಗಾಯಾಳುಗಳಿಗಾಗಿ ತೆರೆದಿದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಜಾಡಮಾಲಿಯಾಗಿದ್ದ. 1915ರ ಜನವರಿ 12ರಂದು ತೀರಿಕೊಂಡ. ವಯಸ್ಸು ಮೂವತ್ತು. ಕೀಳುಜಾತಿಯವನೆಂದು ಹಿಂದೂಗಳು ಅವನನ್ನು ಸುಡಲು ಒಪ್ಪಲಿಲ್ಲ. ತಮ್ಮವನಲ್ಲವೆಂದು ವೋಕಿಂಗ್‌ನ ಮುಸ್ಲಿಮರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಆಗ ಊರಿನ ಪಾದ್ರಿ ತನ್ನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿಸಿದ. ಊರವರು ಸೇರಿ ಕಲ್ಲು ನಿಲ್ಲಿಸಿದರು. ಇವನು ಕ್ರೈಸ್ತನಲ್ಲ, ಆದರೂ ಇತರರಿಗಾಗಿ ಬಾಳು ತೆತ್ತವನು ಎಂದು ಅದರ ಮೇಲೆ ಕೆತ್ತಿಸಿದ್ದಾರೆ. ಆ ಕಲ್ಲು ಈಗಲೂ ಅಲ್ಲಿದೆ.

ಮೇಷ್ಟ್ರೇ, ಸುಖಾ ಯಾವ ಬೆಟ್ಟವನ್ನೂ ಹತ್ತಲಿಲ್ಲ, ಯಾವ ಫಿರಂಗಿಯನ್ನೂ ಹಿಡಿಯಲಿಲ್ಲ. ಅವನಿಗೆ ಮರ್ಯಾದೆ ಕೊಡಲು ಕಾದಂಬರಿಕಾರ ಯಾವ ಸಾಹಸವನ್ನು ಹುಡುಕುತ್ತಾನೆ? ಇನ್ನೊಂದನ್ನೂ ಗಮನಿಸಿ. ಇಲ್ಲಿ ಬಾಗಿಲು ಮುಚ್ಚಿದವರು ಬಿಳಿಯರಲ್ಲ, ನಾವು. ಮಕ್ಕಳ ಪುಸ್ತಕಗಳಲ್ಲಿ ಅನ್ಯಾಯ ಮಾಡುವವನು ಯಾವಾಗಲೂ ಟೋಪಿ ಹಾಕಿದ ಪರದೇಶಿ. ಹಾಗೆ ಬರೆದರೆ ಓದುವ ಮಗುವಿಗೆ ತನ್ನ ಕೇರಿಯ ಕಡೆ ತಿರುಗಿ ನೋಡುವ ಅಗತ್ಯವೇ ಬೀಳುವುದಿಲ್ಲ.

ನೇರನುಡಿ

ಓಲೆಗರಿಯವರೇ, ಈ ಕಥೆ ನನಗೆ ಗೊತ್ತಿರಲಿಲ್ಲ. ಇದನ್ನು ಯಾರಾದರೂ ಬರೆದರೆ ನಾನು ಹತ್ತು ಪ್ರತಿ ಕೊಂಡು ಹಂಚುತ್ತೇನೆ. ಆದರೆ ಒಂದು ಎಚ್ಚರಿಕೆ. ದಯಾಳು ಪಾದ್ರಿಯೇ ಕಥೆಯ ನಾಯಕನಾಗಿಬಿಡುವ ಅಪಾಯವಿದೆ.

ಓಲೆಗರಿ

ಖಂಡಿತ ಇದೆ. ಕಥೆ ಸುಖಾ ಬದುಕಿದ್ದಾಗ ಶುರುವಾಗಬೇಕು. ಸತ್ತ ಮೇಲೆ ಶುರುವಾದರೆ ಪಾದ್ರಿಯ ಕೈಗೆ ಹೋಗುತ್ತದೆ.

ತೆಂಕಣಗಾಳಿ

ನಾನು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಇರುವವನು. ಮೂಲ ಶಿರಸಿ. ಬ್ರೈಟನ್ ಊರಿನ ಅರಮನೆ, ಅಂದರೆ ರಾಯಲ್ ಪೆವಿಲಿಯನ್, 1914ರ ಡಿಸೆಂಬರಿನಿಂದ 1916ರ ಆರಂಭದ ತನಕ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಬಾಹುಬಲಿ ಸಿನಿಮಾದ ಸೆಟ್ಟಿನಂಥ ಗುಮ್ಮಟಗಳು, ಒಳಗೆ ದೀಪದ ಗೊಂಚಲುಗಳು, ಅವುಗಳ ಕೆಳಗೆ ಸಾಲು ಮಂಚಗಳು. ಮಕ್ಕಳ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ವ್ಯವಸ್ಥೆ ಬಲು ಅಚ್ಚುಕಟ್ಟು. ಬೇರೆ ಬೇರೆ ಜಾತಿಮತದವರಿಗೆ ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿಗಳು, ಉರ್ದು, ಹಿಂದಿ, ಗುರುಮುಖಿಯಲ್ಲಿ ಫಲಕಗಳು. ಇದರ ಫೋಟೋಗಳು ಅಚ್ಚಾಗಿ ಊರೂರಿಗೆ ಹೋದವು, ನೋಡಿ ನಿಮ್ಮವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದು. ಅದೇ ಅರಮನೆಯ ಸುತ್ತ ಮುಳ್ಳುತಂತಿ ಮತ್ತು ಪಹರೆ ಇತ್ತು. ಗಾಯ ಮಾಯ್ದವನು ತನ್ನ ಪಾಡಿಗೆ ಪೇಟೆ ಸುತ್ತಿ ಬರುವಂತಿರಲಿಲ್ಲ. ಬಿಳಿಯ ಹೆಂಗಸರು ಭಾರತೀಯ ಸೈನಿಕರ ಶುಶ್ರೂಷೆ ಮಾಡುವುದು ಸರಿಯೇ ಎಂದು ಲಂಡನ್ನಿನಲ್ಲಿ ದೊಡ್ಡ ಗದ್ದಲವಾಗಿ, 1915ರಲ್ಲಿ ದಾದಿಯರನ್ನು ಹಿಂದಕ್ಕೆ ಕರೆಸಿಕೊಂಡರು. ಗದ್ದಲಕ್ಕೆ ಒಂದು ನೆವ, ಪತ್ರಿಕೆಯಲ್ಲಿ ಬಂದಿದ್ದ ಒಂದು ಫೋಟೋ. ಮಂಚದ ಮೇಲೆ ಖುದಾದಾದ್ ಖಾನ್, ಪಕ್ಕದಲ್ಲಿ ಬಿಳಿಯ ದಾದಿ. ಅವನು ಯಾರೆಂದರೆ, 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೇಕೆಯಲ್ಲಿ ಜೊತೆಯವರೆಲ್ಲ ಸತ್ತ ಮೇಲೂ ಮೆಷಿನ್‌ಗನ್ ಬಿಡದವನು, ಭಾರತೀಯ ಸೇನೆಯ ಸಿಪಾಯಿಗಳಲ್ಲಿ ಮೊದಲು ವಿಕ್ಟೋರಿಯಾ ಕ್ರಾಸ್ ಗಳಿಸಿದವನು. ಎದೆಯ ಮೇಲೆ ಸಾಮ್ರಾಜ್ಯದ ಅತಿ ದೊಡ್ಡ ಪದಕವಿದ್ದರೂ ದಾದಿಯೊಬ್ಬಳು ಪಕ್ಕದಲ್ಲಿ ನಿಂತದ್ದು ಅವರಿಗೆ ಸಹಿಸಲಿಲ್ಲ. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಿ. ಓಡಿಹೋದರೆ ಏನು ಎಂದು ಅವಳು ಕೇಳಿದಳು. ಓಡಿಹೋಗದೆ ನಿಂತವನಿಗೆ ಸಿಕ್ಕಿದ್ದು ಇಷ್ಟು.

ಊರಾಚೆ ದಿಣ್ಣೆಯ ಮೇಲೆ 'ಛತ್ರಿ' ಎಂಬ ಅಮೃತಶಿಲೆಯ ಮಂಟಪ ಇದೆ. 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಸುಟ್ಟ ಜಾಗ. 1921ರಲ್ಲಿ ಅನಾವರಣವಾಯಿತು. ಹೆಸರುಗಳನ್ನು ಕೆತ್ತಿದ ಕಲ್ಲು ಪಕ್ಕದಲ್ಲಿ ಬಂದದ್ದು 2010ರಲ್ಲಿ.

ಮಾಜಿ ಹವಾಲ್ದಾರ, ಕೊಡಗು

ಹೆಸರು ಎಂದಿರಲ್ಲ, ಬಸ್ರಾ ಸ್ಮಾರಕವನ್ನೂ ಸೇರಿಸಿ. ಇರಾಕಿನಲ್ಲಿ ಸತ್ತು ಸಮಾಧಿಯೂ ಸಿಗದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು. ಬ್ರಿಟಿಷ್ ಸೈನಿಕರ ಹೆಸರು ಕಲ್ಲಿನಲ್ಲಿ ಇದೆ, ಭಾರತೀಯ ಅಧಿಕಾರಿಗಳದ್ದೂ ಇದೆ. ಸಾಮಾನ್ಯ ಸಿಪಾಯಿಯದು ಇಲ್ಲ. ರೆಜಿಮೆಂಟಿನ ಹೆಸರು, ಅದರ ಮುಂದೆ ಇಷ್ಟು ಜನ ಎಂಬ ಅಂಕಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಈ ತಾರತಮ್ಯವನ್ನು ಒಪ್ಪಿ ಕ್ಷಮೆ ಕೇಳಿತು. ಮಡಿದವರಲ್ಲಿ ಕನಿಷ್ಠ 1,16,000 ಜನರಿಗೆ, ಬಹುಪಾಲು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರಿಗೆ, ಹೆಸರು ಹಿಡಿದ ಸ್ಮರಣೆಯೇ ಆಗಿಲ್ಲ ಎಂದು ಅದರಲ್ಲಿದೆ.

ತುಂಟನ ಅಮ್ಮ

ನಾವು ಇರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಹನ್ನೆರಡು. ಇಲ್ಲಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಇಂಥ ಕಾದಂಬರಿಗಳು ಬೇಕಾದಷ್ಟಿವೆ, ಅವನ ಜೊತೆ ನಾನೂ ಓದುತ್ತೇನೆ. ಬಹುಪಾಲು ಕಥೆಗಳ ಜಾಡು ಮೇಷ್ಟ್ರ ಮೊದಲ ಕರಡಿನದೇ. ಅವಮಾನ, ತರಬೇತಿ, ಯುದ್ಧ, ಪದಕ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪ್ರಜೆಗಳು. ಅದೇ ಸಮುದಾಯದ ಹುಡುಗರಿಂದ 1943ರಲ್ಲಿ 442ನೇ ರೆಜಿಮೆಂಟಲ್ ಪಡೆ ಕಟ್ಟಿದರು. 1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನ್ನರ ನಡುವೆ ಸಿಕ್ಕಿಬಿದ್ದಿದ್ದ ಟೆಕ್ಸಾಸ್ ಪಡೆಯ 211 ಜನರನ್ನು ಇವರು ಬಿಡಿಸಿದರು. ಆ ಕೆಲಸದಲ್ಲಿ ಇವರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 800. ಇದು ಎಲ್ಲರೂ ಬರೆಯುವ ಕಥೆ. ನಿಜವಾಗಿಯೂ ಮೈನವಿರೇಳುವ ಕಥೆ, ಅಲ್ಲಗಳೆಯುವುದಿಲ್ಲ.

ಆದರೆ ಹಾರ್ಟ್ ಮೌಂಟನ್ ಎಂಬ ಶಿಬಿರದಲ್ಲಿ 63 ಯುವಕರು ಬೇರೆ ಮಾತು ಹೇಳಿದರು. ಅಪ್ಪ ಅಮ್ಮನನ್ನು ತಂತಿಯ ಒಳಗಿಟ್ಟು ನಮ್ಮನ್ನು ಸೇನೆಗೆ ಕರೆಯುತ್ತೀರಿ, ಮೊದಲು ಅವರನ್ನು ಬಿಡಿ, ಆಮೇಲೆ ಬರುತ್ತೇವೆ ಎಂದರು. 1944ರಲ್ಲಿ ಅವರಿಗೆ ಜೈಲು ಶಿಕ್ಷೆಯಾಯಿತು. ಸರ್ಕಾರ 1947ರಲ್ಲಿ ಕ್ಷಮಾದಾನ ಕೊಟ್ಟಿತು. ಅವರ ಸ್ವಂತ ಸಮುದಾಯ ಮಾತ್ರ ದಶಕಗಳ ಕಾಲ ಅವರನ್ನು ಹೇಡಿಗಳೆಂದು ದೂರವಿಟ್ಟಿತು. ಜಪಾನೀ ಅಮೆರಿಕನ್ನರ ದೊಡ್ಡ ಸಂಘಟನೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2002ರಲ್ಲಿ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇವರ ಬದುಕಿನಲ್ಲಿ ನಡೆದೇಹೋಗಿದೆ. ಕೆಲವರು ಪ್ರಾಣ ಕೊಟ್ಟು ನಿಷ್ಠೆಯನ್ನು ರುಜುವಾತು ಮಾಡಿದರು ಎಂದು ಕೊಂಡಾಡುತ್ತ ಹೋದಂತೆಲ್ಲ, ರುಜುವಾತು ಕೇಳುವುದೇ ಅನ್ಯಾಯ ಎಂದವರು ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಮಗನಿಗೆ ಇಷ್ಟವಾದದ್ದು ಮಾತ್ರ ಬೇರೆಯೇ. 555ನೇ ಪ್ಯಾರಾಚೂಟ್ ಬೆಟಾಲಿಯನ್, ಎಲ್ಲರೂ ಕಪ್ಪು ವರ್ಣೀಯರು. ಅವರು ತರಬೇತಿ ಪಡೆದ ಶಿಬಿರದಲ್ಲಿ ಇಟಲಿ ಮತ್ತು ಜರ್ಮನಿಯ ಯುದ್ಧಕೈದಿಗಳು ಹೋಗಬಹುದಾದ ಅಂಗಡಿಗೆ ಇವರಿಗೆ ಪ್ರವೇಶವಿರಲಿಲ್ಲ. ಇವರನ್ನು ಯುರೋಪಿನ ರಣರಂಗಕ್ಕೆ ಕಳಿಸಲೇ ಇಲ್ಲ. 1945ರಲ್ಲಿ ಆರೆಗನ್ ಕಡೆಯ ಕಾಡುಗಳಿಗೆ ಬೆಂಕಿ ಆರಿಸಲು ಕಳಿಸಿದರು. ಜಪಾನಿನಿಂದ ಗಾಳಿಯಲ್ಲಿ ತೇಲಿಬಿಟ್ಟ ಬಾಂಬು ಕಟ್ಟಿದ ಬಲೂನುಗಳು ಅಲ್ಲಿ ಬೀಳುತ್ತಿದ್ದವು. ಆ ಬಲೂನುಗಳ ಕಾಗದಕ್ಕೆ ಗೆಡ್ಡೆಯ ಅಂಟು ಹಚ್ಚಿ ಜೋಡಿಸಿದವರಲ್ಲಿ ಜಪಾನಿನ ಶಾಲಾ ಬಾಲಕಿಯರಿದ್ದರು. ಅಂಥ ಒಂದು ಬಲೂನು ಸಿಡಿದು ಮೇ 5ರಂದು ಆರೆಗನ್‌ನ ಬ್ಲೈ ಎಂಬಲ್ಲಿ ವನಭೋಜನಕ್ಕೆ ಹೋಗಿದ್ದ ಐದು ಮಕ್ಕಳೂ ಒಬ್ಬ ಹೆಂಗಸೂ ಸತ್ತರು. ಅಂಟು ಹಚ್ಚಿದ ಹುಡುಗಿ, ಬಲೂನು ಮುಟ್ಟಿದ ಹುಡುಗ, ಮರದ ತುದಿಗೆ ಧುಮುಕುವ ಕಪ್ಪು ಸೈನಿಕ. ಶತ್ರುವಿನ ಮುಖವನ್ನೇ ಕಾಣದ ಸೈನಿಕನ ಕಥೆಯನ್ನು ನನ್ನ ಮಗ ಮತ್ತೆ ಮತ್ತೆ ಕೇಳುತ್ತಾನೆ, ಪದಕ ಎಲ್ಲಿ ಎಂದು ಒಮ್ಮೆಯೂ ಕೇಳಿಲ್ಲ.

ಮೊಳೆಪೆಟ್ಟಿಗೆ

ನಾನು ಮಕ್ಕಳ ಪುಸ್ತಕಗಳ ಸಣ್ಣ ಪ್ರಕಾಶಕ. ಎಲ್ಲರ ಮಾತೂ ತೂಕದ್ದೇ. ಆದರೆ ಒಂದು ಕಾದಂಬರಿಗೆ 120 ಪುಟ ಎಂದಿಟ್ಟುಕೊಂಡರೆ ನೀವೆಲ್ಲ ಸೇರಿ ಈಗಾಗಲೇ 400 ಪುಟ ಬರೆದಿದ್ದೀರಿ.

ವ್ಯಾಪಾರದ ಮಾತೂ ಆಡಿಬಿಡುತ್ತೇನೆ. ಗ್ರಂಥಾಲಯದ ಖರೀದಿ ಇರಲಿ, ಶಾಲೆಗಳ ಬಹುಮಾನದ ಪುಸ್ತಕ ಇರಲಿ, ಆರಿಸುವವರು ದೊಡ್ಡವರು. ದೊಡ್ಡವರಿಗೆ ಗೆಲುವು ಬೇಕು. ಹೈಫಾ ಎಂದರೆ ಈಗ ಪರಿಚಯವಿದೆ. ದೆಹಲಿಯ ತೀನ್‌ಮೂರ್ತಿಯ ಮೂರು ವಿಗ್ರಹಗಳು ಹೈದರಾಬಾದು, ಜೋಧಪುರ, ಮೈಸೂರಿನ ಸವಾರರವು ಎಂದು ಪತ್ರಿಕೆಗಳಲ್ಲಿ ಬಂದಿದೆ, 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಮುಖಪುಟಕ್ಕೆ ಬೇಕಾದರೆ ಚಿತ್ರ ಬರೆಸಬಹುದು. ಹೇಡಿಯ ಕಥೆ ಎಂದು ಹಿಂಬದಿಯಲ್ಲಿ ಅಚ್ಚು ಹಾಕಿದರೆ ಯಾರು ಕೊಳ್ಳುತ್ತಾರೆ? ಗೆಲುವನ್ನು ಇಟ್ಟುಕೊಂಡು, ನಿಮ್ಮ ಪ್ರಶ್ನೆಯನ್ನು ನಡುವೆ ಎಲ್ಲಾದರೂ ಸೇರಿಸಿ.

ಕರಿಹಲಗೆ

ಮೊಳೆಪೆಟ್ಟಿಗೆಯವರೇ, ನಡುವೆ ಎಲ್ಲಾದರೂ ಸೇರಿಸಿದ ಪ್ರಶ್ನೆಯನ್ನು ಮಕ್ಕಳು ಜಿಗಿದು ದಾಟುತ್ತಾರೆ. ಕಥೆ ಯಾವ ಕಡೆಗೆ ಓಡುತ್ತದೋ ಅದನ್ನೇ ಅವರು ನಂಬುವುದು. ಗೆಲುವಿನ ಕಡೆಗೆ ಓಡಿದರೆ, ಗೆದ್ದವನಿಗೆ ಮಾತ್ರ ಮರ್ಯಾದೆ ಎಂದು ಕಲಿಯುತ್ತಾರೆ. ನಮ್ಮ ಪರೀಕ್ಷೆಗಳು ಅದನ್ನು ಹೇಗೂ ಕಲಿಸುತ್ತಿವೆ, ಕಾದಂಬರಿ ಬೇರೆ ಏಕೆ ಬೇಕು?

ಹೊಸ ಯೋಚನೆ ಹೀಗಿದೆ. ಸವಾರ ಇರುತ್ತಾನೆ, ಕಥೆ ಹೇಳುವವನು ಅವನಲ್ಲ. ಅವನ ಕುದುರೆಯ ಸೈಸ್ ಹೇಳುತ್ತಾನೆ. ಹದಿನಾರು ಹದಿನೇಳರ ಹುಡುಗ, ಸವಾರನದೇ ಊರಿನವನು, ಊರಿನಲ್ಲಿ ಅವನ ಮನೆ ಕೆರೆಯ ಆಚೆಗೆ. ದಳದ ಅಡುಗೆಯವನು ಇವನಿಗೆ ರೊಟ್ಟಿಯನ್ನು ದೂರದಿಂದ ಎಸೆಯುತ್ತಾನೆ. ಬಿಳಿಯ ಅಧಿಕಾರಿ ಸವಾರನನ್ನು ಹೀಯಾಳಿಸಿದ ದಿನವೇ ಸವಾರ ಸೈಸ್‌ನನ್ನು ಹೀಯಾಳಿಸುತ್ತಾನೆ. ಎರಡೂ ಬೈಗುಳ ಹತ್ತಿರ ಹತ್ತಿರ ಒಂದೇ ಮಾತಿನಲ್ಲಿ. ಟಿಪ್ಪಣಿ ಬೇಡ, ಮಕ್ಕಳು ಹಿಡಿದುಕೊಳ್ಳುತ್ತಾರೆ.

ಹೈಫಾದ ದಿನ ಸೈಸ್ ದಾಳಿಯಲ್ಲಿ ಇರುವುದಿಲ್ಲ. ಹಿಂದೆ ಬಿಡಿ ಕುದುರೆಗಳ ಜೊತೆ ಇರುತ್ತಾನೆ. ಗುಂಡಿನ ಸದ್ದಿಗೆ ಹೆದರಿ ಹಗ್ಗ ಬಿಟ್ಟು ಓಡುತ್ತಾನೆ, ಸಂಜೆ ಮರಳಿ ಬರುತ್ತಾನೆ. ಅವನು ಓಡಿದ್ದನ್ನು ಕಥೆ ಮುಚ್ಚಿಡುವುದಿಲ್ಲ, ಆಮೇಲೆ ಒಂದು ಸಾಹಸ ಮಾಡಿಸಿ ಸರಿತೂಗಿಸುವುದೂ ಇಲ್ಲ. ಅವನಿಗೆ ರೊಟ್ಟಿ ಎಸೆದದ್ದು ಓಡುವ ಮೊದಲೂ ತಪ್ಪು, ಓಡಿದ ಮೇಲೂ ತಪ್ಪು. ಹುಡುಗಿ ಕೇಳಿದ್ದಕ್ಕೆ ನನಗೆ ಹೊಳೆದ ಉತ್ತರ ಇಷ್ಟೇ.

ನೇರನುಡಿ

ಇದು ಬೇರೆಯೇ ಪುಸ್ತಕವಾಯಿತು. ಆ ಮುಸ್ಲಿಂ ಸವಾರ ಉಳಿದನೇ?

ಕರಿಹಲಗೆ

ಉಳಿದಿದ್ದಾನೆ. ಸೈಸ್‌ಗೆ ತನ್ನ ತಟ್ಟೆಯಲ್ಲೇ ಊಟ ಕೊಡುವವನು ಅವನೊಬ್ಬನೇ ಎಂದು ಬರೆಯಹೊರಟು ನಿಲ್ಲಿಸಿದೆ. ಅದು ಬಲು ಸಲೀಸಾದ ಹಂಚಿಕೆ, ಒಂದು ಗುಂಪಿನವರೆಲ್ಲ ಒಳ್ಳೆಯವರು ಎಂಬಂತೆ. ಅವನಿಗೆ ತನ್ನದೇ ಚಿಂತೆ ಸಾಕಷ್ಟಿದೆ, ತುರ್ಕಿ ಕೈದಿಗಳಿಗೆ ನೀರು ಕೊಡುವ ಪ್ರಸಂಗದಲ್ಲಿ ಅದು ಬರುತ್ತದೆ. ಸಿಂಗಪುರದ ಸುದ್ದಿ ಅವನಿಗೆ ಪಿಸುಮಾತಿನಲ್ಲಿ ತಲುಪುತ್ತದೆ.

ಓಲೆಗರಿ

ಸುದ್ದಿ ಹೇಗೆ ತಲುಪುತ್ತದೆ ಎನ್ನುವುದಕ್ಕೆ ಒಂದು ಸಾಮಗ್ರಿ ಕೊಡುತ್ತೇನೆ. ಫ್ರಾನ್ಸಿನಲ್ಲಿದ್ದ ಸಿಪಾಯಿಗಳ ಕಾಗದಗಳನ್ನು ಸೆನ್ಸಾರ್ ಕಚೇರಿ ಒಡೆದು ಓದುತ್ತಿತ್ತು. ಅದನ್ನು ತಿಳಿದ ಸಿಪಾಯಿಗಳು ಗುಟ್ಟಿನ ಮಾತು ಕಟ್ಟಿಕೊಂಡರು. ಕರಿಮೆಣಸು ಎಂದರೆ ಭಾರತೀಯರು, ಕೆಂಪು ಮೆಣಸು ಎಂದರೆ ಬ್ರಿಟಿಷರು. ಕರಿಮೆಣಸು ಮುಗಿಯುತ್ತ ಬಂತು, ಕೆಂಪು ಮೆಣಸನ್ನು ಕಡಿಮೆ ಬಳಸುತ್ತಿದ್ದಾರೆ ಎಂಬಂಥ ಸಾಲುಗಳು ಊರಿಗೆ ಹೋದವು. ಮಕ್ಕಳಿಗೆ ಇದನ್ನು ಬಿಡಿಸಲು ಕೊಟ್ಟರೆ ಅಧ್ಯಾಯ ತಾನಾಗಿ ಓದಿಸಿಕೊಳ್ಳುತ್ತದೆ.

ಇನ್ನೊಂದು, ಧ್ವನಿಯ ಬಗ್ಗೆ. ಬರ್ಲಿನ್ ಬಳಿಯ ಕೈದಿಗಳ ಶಿಬಿರದಲ್ಲಿ ಜರ್ಮನ್ ಪಂಡಿತರು ಭಾರತೀಯ ಕೈದಿಗಳ ಮಾತನ್ನು ಧ್ವನಿಮುದ್ರಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಸಿಪಾಯಿ ಕಹಳೆಯಂಥ ಯಂತ್ರದ ಮುಂದೆ ನಿಂತು ತನ್ನ ಕಥೆಯನ್ನು ಯಾರದೋ ಎಂಬಂತೆ ಹೇಳಿದ. ಒಬ್ಬ ಮನುಷ್ಯನಿದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಇಂಗ್ಲಿಷರ ನೌಕರಿಗೆ ಸೇರಿದ, ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕಿದ, ಈಗ ಅವನಿಗೆ ಹಿಂದೂಸ್ತಾನ ಬೇಕು ಎಂದು. ನಿಮ್ಮ ಸೈಸ್ ಕಥೆ ಹೇಳುವ ಬಗೆಯೂ ಹೀಗೆ ಬರಿದಾಗಿ ಇದ್ದರೆ ಚೆಂದ. ಮಕ್ಕಳ ಪುಸ್ತಕಗಳಲ್ಲಿ ಬಡವರ ಬಾಯಿಗೆ ಭಾಷಣ ತುರುಕುವ ಚಾಳಿ ನಮ್ಮಲ್ಲಿ ಬಹಳ.

ತುಂಟನ ಅಮ್ಮ

ಹೌದು. ದುಃಖದ ಕಥೆಯನ್ನು ದುಃಖದ ದನಿಯಲ್ಲೇ ಹೇಳಬೇಕಿಲ್ಲ. ಹುಡುಗ ಎಂದರೆ ಕೀಟಲೆಯೂ ಇರುತ್ತದೆ. ಹಡಗಿನಲ್ಲಿ ಕುದುರೆಗೆ ಕಡಲಬೇನೆ ಬಂದರೆ ಏನು ಮಾಡುತ್ತಾರೆ, ಒಂಟೆಯನ್ನು ಮೊದಲ ಸಲ ಕಂಡ ಕುದುರೆ ಹೇಗೆ ಆಡುತ್ತದೆ, ಇಂಥವೂ ಬರಲಿ.

ಮೊಳೆಪೆಟ್ಟಿಗೆ

ಸೋತೆ ಎಂದು ತಿಳಿಯಬೇಡಿ, ಲೆಕ್ಕ ಹಾಕುತ್ತಿದ್ದೇನೆ. ಸೈಸ್‌ನ ಕಥೆಯಾದರೆ ಕುದುರೆ ನಡುಮಧ್ಯಕ್ಕೆ ಬರುತ್ತದೆ, ಕುದುರೆ ಇರುವ ಪುಸ್ತಕವನ್ನು ಮಕ್ಕಳು ಕೈಬಿಡುವುದಿಲ್ಲ. ಮುಖಪುಟದಲ್ಲಿ ಭರ್ಜಿ ಬೇಡ, ಕುದುರೆಯ ಕಣ್ಣು ಮತ್ತು ಒಂದು ಕೈ ಸಾಕು. ಆದರೆ ಹೈಫಾ ಎಂಬ ಪದ ಹೆಸರಿನಲ್ಲಿ ಇರಲೇಬೇಕು, ಅದರಲ್ಲಿ ರಾಜಿಯಿಲ್ಲ. ಮೊದಲ ಮೂರು ಅಧ್ಯಾಯಗಳನ್ನು ಯುಗಾದಿಯ ಒಳಗೆ ಕಳಿಸಿ.

ಕರಿಹಲಗೆ

ಹೆಸರಿನ ಜಗಳವನ್ನು ಆಮೇಲೆ ಆಡೋಣ. ಈಗ ನನಗೆ ತಿಳಿಯಬೇಕಾದದ್ದು ಬೇರೆ. ಹವಾಲ್ದಾರರೇ, ಮರಳುಗಾಡಿನ ನಡಿಗೆಯಲ್ಲಿ ಸೈಸ್‌ನ ಒಂದು ದಿನ ಹೇಗಿರುತ್ತದೆ? ಯಾವ ಹೊತ್ತಿಗೆ ನೀರು, ಯಾವ ಹೊತ್ತಿಗೆ ಮಾಲೀಸು, ಜೀನು ಯಾವಾಗ ಬಿಚ್ಚುತ್ತಾರೆ?

ಮಾಜಿ ಹವಾಲ್ದಾರ, ಕೊಡಗು

ನಾನು ಕಾಲಾಳು ಪಡೆಯವನು ಮಾರಾಯರೇ, ಆದರೆ ನಮ್ಮ ಘಟಕದ ಜೊತೆ ಹೇಸರಗತ್ತೆಗಳಿದ್ದವು. ಪ್ರಾಣಿಗಳ ವಿಷಯದಲ್ಲಿ ಕೆಲವು ನಿಯಮ ಎಲ್ಲ ಕಡೆಯೂ ಒಂದೇ. ನಿಂತ ಕೂಡಲೇ ಮೊದಲು ಪಟ್ಟಿ ಸಡಿಲಿಸುವುದು, ಬೆನ್ನು ತಣಿಯುವ ತನಕ ಜೀನನ್ನು ಪೂರ್ತಿ ತೆಗೆಯಬಾರದು, ಇಲ್ಲದಿದ್ದರೆ ಬೆನ್ನು ಬಾತು ಹುಣ್ಣಾಗುತ್ತದೆ. ನೀರು ಮೊದಲು, ಕಾಳು ಆಮೇಲೆ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇ ಎಂದು ನಾಲ್ಕೂ ಕಾಲು ಎತ್ತಿ ನೋಡುವುದು. ಪ್ರಾಣಿ ಉಂಡ ಮೇಲೆ ಮನುಷ್ಯನ ಊಟ. ಲಾಳದ ವಿಷಯಕ್ಕೆ ನಮ್ಮ ಕಡೆ ಒಬ್ಬರು ಹಳಬರಿದ್ದಾರೆ, ರೇಸ್ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಏನೇನು ಕೇಳಬೇಕೋ ಬರೆದು ಕಳಿಸಿ.